ಅವರ ಹೆಸರೂ ಇರಲಿ

ಬೈರಿದೇವರಕೊಪ್ಪದ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಕಂಬಿಗಳಿಗೆ ಇವತ್ತು ಬಣ್ಣ ಹೊಡೆಯುತ್ತಿದ್ದಾರೆ. ಬಾಗಿಲು ಹಾಕಿಕೊಂಡರೂ ಥಿನ್ನರಿನ ವಾಸನೆ ಒಳಗೆ ಬರುತ್ತದೆ. ಬೇರೆಯವರಿಗೆ ತಲೆನೋವು ತರುವ ಈ ವಾಸನೆ ನನಗೆ ಮದುವೆಯಾದ ಹೊಸತನ್ನು ನೆನಪಿಸುತ್ತದೆ ಎಂದರೆ ನಗಬೇಡಿ. ಮಲ್ಲಿಗೆಯ ವಾಸನೆಯಲ್ಲಿ ಹಳೆಯ ದಿನಗಳನ್ನು ನೆನೆಯುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ನಮ್ಮ ಮನೆಯವರಿಗೆ ಆಗ ತಾರಿಹಾಳದಲ್ಲಿ ಒಂದು ಚಿಕ್ಕ ಶೆಡ್ಡು ಇತ್ತು. ಕಬ್ಬಿಣದ ಕಪಾಟು, ಯಂತ್ರದ ಮುಚ್ಚಳ ಮುಂತಾದವಕ್ಕೆ ಬಣ್ಣ ಹೊಡೆದುಕೊಡುವ ಕೆಲಸ. ಕಮರಿಪೇಟೆಯ ಬಾಡಿಗೆ ಮನೆಗೆ ಸಂಜೆ ಅವರಿಗಿಂತ ಮೊದಲು ಅವರ ಅಂಗಿಯ ವಾಸನೆ ಬರುತ್ತಿತ್ತು. ಕಿವಿಯ ಹಿಂದೆ ಅಂಟಿದ ಬಣ್ಣ ನೋಡಿ ಆ ದಿನ ಯಾವ ಕೆಲಸ ನಡೆದಿತ್ತೆಂದು ನಾನು ಹೇಳುತ್ತಿದ್ದೆ. ಬಹಳ ಸಲ ತಪ್ಪುತ್ತಿತ್ತು. ಹಿಂದಿನ ದಿನದ ಬಣ್ಣವನ್ನೇ ಅವರು ಸರಿಯಾಗಿ ತೊಳೆದುಕೊಂಡಿರುತ್ತಿರಲಿಲ್ಲ.

ಅವರಿಗೆ ಹೆಚ್ಚಿನ ಕೆಲಸ ಬರುತ್ತಿದ್ದುದು ಒಂದೇ ಕಾರ್ಖಾನೆಯಿಂದ. ಅದು ಮುಚ್ಚಿತು. ಶೆಡ್ಡಿನ ಯಂತ್ರ, ಮೋಟರ್‌ಸೈಕಲ್ಲು, ನನ್ನ ಬಳೆ ಎಲ್ಲ ಹೋದ ಮೇಲೂ ಸಾಲ ಉಳಿಯಿತು. ಕೊನೆಗೆ ವಕೀಲರ ಮಾತು ಕೇಳಿ ತಾವೇ ಕೋರ್ಟಿಗೆ ಅರ್ಜಿ ಹಾಕಿದರು. ಕೋರ್ಟು ಅವರನ್ನು ದಿವಾಳಿ ಎಂದು ಸಾರಿತು. ಕೆಲವು ವರ್ಷಗಳ ಮೇಲೆ ಅದರಿಂದ ಬಿಡುಗಡೆಯನ್ನೂ ಕೊಟ್ಟಿತು. ಕೋರ್ಟು ಬಿಟ್ಟಿತು, ಓಣಿ ಬಿಡಲಿಲ್ಲ.

ಓಣಿಯನ್ನಷ್ಟೇ ಬೈದರೆ ತಪ್ಪಾದೀತು. ಪಕ್ಕದ ಮನೆಯಲ್ಲಿ ಒಬ್ಬ ಮರಾಠಿ ಹೆಣ್ಣುಮಗಳಿದ್ದರು. ಹಬ್ಬ ಮುಗಿದ ಮರುದಿನ ನಳದ ಹತ್ತಿರ ನಗುತ್ತ, “ದಿವಾಳಿ ಹ್ಯಾಂಗಾತ್ರಿ, ವೈನಿ?” ಎಂದರು. ನಾನು ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಬಂದು ಅತ್ತೆ. ಅವರ ಮಂದಿ ದೀಪಾವಳಿಗೆ ದಿವಾಳಿ ಎನ್ನುತ್ತಾರೆಂದು ಸಣ್ಣವಳಿದ್ದಾಗಿನಿಂದ ಗೊತ್ತಿದ್ದವಳು ನಾನು! ಆಕೆ ಪಾಪ, ಕೊಡ ತುಂಬಿ ತಂದು, ಒಂದು ತಾಟು ಚಕ್ಕಲಿಯನ್ನೂ ಇಟ್ಟು, ಏನೂ ಕೇಳದೆ ಹೋದರು.

ನಾನು ಅತ್ತು ಮುಗಿಸುವವಳು. ನಮ್ಮ ಮನೆಯವರು ಹಾಗಲ್ಲ. ಅವರು ಎಲ್ಲ ಕಡೆಯಿಂದ ತಮ್ಮ ಹೆಸರನ್ನೇ ಹಿಂದೆ ತೆಗೆದುಕೊಂಡರು. ಗ್ಯಾಸು, ಫೋನು, ಬಾಡಿಗೆ ಕರಾರು ನನ್ನ ಹೆಸರಿಗಾದವು. ಮದುವೆಯಲ್ಲಿ ಆಹೇರಿ, ಅಂದರೆ ಮುಯ್ಯಿ, ಬರೆಸುವಾಗಲೂ “ಟೀಚರ್ ಹೆಸರು ಬರಕೋರಿ” ಎನ್ನುತ್ತಿದ್ದರು. ಟೀಚರ್ ಎಂದರೆ ನಾನು. ಅವರು ಬೇರೆಯವರ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ನೋಡಿಕೊಳ್ಳಲು ಸೇರಿದರು. ಹೀಗೇ ವರ್ಷಗಳು ಹೋದವು.

ಹೋದ ವರ್ಷ ಇದೇ ಕಟ್ಟಡದಲ್ಲಿ, ಮೇಲಿನ ಮಹಡಿಯ ದೊಡ್ಡ ಮನೆಯೊಂದನ್ನು ಮೆಚ್ಚಿದೆವು. ಸಾಲ ಮಾಡಿಸಿಕೊಡುವ ಏಜೆಂಟ್ ಎಲ್ಲ ಕೇಳಿಕೊಂಡು ದನಿ ತಗ್ಗಿಸಿದ. “ಅಕ್ಕಾರ, ನಿಮ್ಮ ಒಬ್ಬರ ಹೆಸರ್‌ಲೇನ ಹಾಕೂಣ್ರಿ. ಸರ್ ಹೆಸರು ಬಂತಂದ್ರ ಬ್ಯಾಂಕಿನ್ಯಾವ್ರು ಹಳೇದೆಲ್ಲಾ ಕೆದಕ್ತಾರ.”

“ಖರೇ ಐತಿ. ನಿಂದೊಂದ ಇರ್ಲಿ,” ಎಂದರು ಇವರು, ಎಂದಿನಂತೆ.

ಅವತ್ತು ಅದೇಕೋ ನನಗೆ ತಡೆಯಲಾಗಲಿಲ್ಲ. “ನೀವು ಆ ಮನ್ಯಾಗ ಬಾಡಗಿ ಇರಾವ್ರೇನ್ರಿ?” ಎಂದೆ.

ಮನೆಗೆ ಬಂದು ಚಹಾ ಕುಡಿದ ಮೇಲೆ ಹೇಳಿದರು: “ನನ್ನ ಹೆಸರು ಹಾಕಿದ್ರ ಎಲ್ಲಾ ಹೇಳಬೇಕಾಕ್ಕೇತಿ ನೋಡು.”

“ಹೇಳ್ರಿ. ಮುಚ್ಚಿ ಮುಚ್ಚಿ ನನಗೂ ಸಾಕಾಗೇತಿ.”

ಬ್ಯಾಂಕಿನ ಅಧಿಕಾರಿ ನಮಗಿಂತ ಬಹಳ ಚಿಕ್ಕ ಹೆಣ್ಣುಮಗಳು. ಆಕೆ ಕೇಳುವ ಮೊದಲೇ ಇವರು ಕುರ್ಚಿಯ ತುದಿಗೆ ಸರಿದು, “ಮೇಡಮ್, ಮೊದಲ ಒಂದ್ ಮಾತ್ ಹೇಳ್ತೇನ್ರಿ. ನಾ ಹಿಂದಕ ದಿವಾಳಿ ಆಗಿದ್ದೆ. ಕೋರ್ಟಿನ್ಯಾಗ ಬಿಡುಗಡಿ ಆಗೇತಿ. ಕಾಗದ ತಂದೇನ್ರಿ,” ಎಂದರು. ದಿನವೂ ಮಕ್ಕಳಿಗೆ ‘ಜೋರಾಗಿ ಹೇಳ್ರಿ’ ಎನ್ನುವ ನಾನು, ಪಕ್ಕದ ಮೇಜಿನವರಿಗೆ ಕೇಳಿಸಿತೇನೋ ಎಂದು ಆಚೀಚೆ ನೋಡಿದೆ. ಸಿಟ್ಟಿನಲ್ಲಿ ಧೈರ್ಯ ಹೇಳುವುದು ಸುಲಭ, ಪಕ್ಕದಲ್ಲಿ ಕೂಡುವುದು ಕಷ್ಟ.

ಆಕೆ ಪೂರ್ತಿ ಓದಿದರು. ಮುಖದ ಮೇಲೆ ಕನಿಕರವೂ ಇಲ್ಲ, ಸಿಟ್ಟೂ ಇಲ್ಲ. “ಮೊದಲ ಹೇಳಿದ್ದು ಛಲೋ ಆತ್ರಿ. ಆಮ್ಯಾಲ ಗೊತ್ತಾಗಿದ್ರ ಅರ್ಜಿ ಅಲ್ಲೇ ನಿಂತಬಿಡ್ತಿತ್ತು. ಆದ್ರ ಕೇಳಿದಷ್ಟು ಸಿಗೂದಿಲ್ರಿ, ಬಡ್ಡಿನೂ ಹೆಚ್ಚಾಗ್ತದ.”

ಹಾಗೇ ಆಯಿತು. ಮತ್ತೆ ಮತ್ತೆ ಕರೆಸಿದರು, ಮತ್ತೆ ಮತ್ತೆ ಅದೇ ಕತೆ ಹೇಳಿದೆವು. ಕೊನೆಗೆ ನನ್ನೊಬ್ಬಳ ಹೆಸರಿನಲ್ಲಿ ಸಿಗುತ್ತಿದ್ದಷ್ಟೂ ಸಿಗಲಿಲ್ಲ. ಮೇಲಿನ ಮನೆ ಬೇರೆಯವರ ಪಾಲಾಯಿತು. ನಮಗೆ ದಕ್ಕಿದ್ದು ಕೆಳಗಿನ ಈ ಒಂದು ಕೋಣೆಯ ಮನೆ. ಕಿಟಕಿ ತೆರೆದರೆ ನಿಲ್ಲಿಸಿದ ಸ್ಕೂಟರುಗಳು. “ನಾ ಹೇಳಿದ್ದೆ ಅಕ್ಕಾರ,” ಎಂದ ಏಜೆಂಟ್. “ಹೇಳಿದ್ದಿಪಾ,” ಎಂದೆ.

ನೋಂದಣಿ ಕಚೇರಿಯಲ್ಲಿ ಪೆನ್ನು ಕೈಗೆ ಬಂದಾಗ ಇವರು ತಡೆದು, “ಪೂರ್ತಿ ಹೆಸರು ಬರೀಬೇಕೇನ್ರಿ?” ಎಂದು ಕೇಳಿದರು. “ಮತ್ತ? ಮಾಲಕರಲ್ಲೇನ್ರಿ ನೀವು?” ಎಂದ ಅಲ್ಲಿಯವನು, ಬೇರೆ ಕಡೆ ನೋಡುತ್ತ. ಇವರು ತಮ್ಮ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಒಂದೊಂದಾಗಿ ಬರೆದರು. ಗಂಡನ ಹೆಸರು ಹಿಡಿದು ಕರೆಯುವ ರೂಢಿ ನನಗಿಲ್ಲ. ಬಗ್ಗಿ ಮನಸ್ಸಿನಲ್ಲೇ ಓದಿಕೊಂಡೆ.

ಇಷ್ಟು ಬರೆಯುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ನೀರಿನ ಟ್ಯಾಂಕು ತೊಳೆಸುವ ವಿಷಯವಂತೆ. “ಮನಿ ಮಾಲಕರು ಯಾರ್ರಿ?” ಎಂದು ಹೊರಗಿನಿಂದ ದನಿ. ರೂಢಿಯಂತೆ ನಾನು ಅರ್ಧ ಎದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ, ನಾನು ಬಹಳ ವರ್ಷ ಕೇಳದಿದ್ದ ಗಟ್ಟಿ ದನಿಯಲ್ಲಿ, “ನಾನ ರೀ. ತಡೀರಿ, ಬಂದೆ,” ಎಂದರು ಇವರು.

ಮೊಣಕಾಲು ನೋಯುತ್ತಿತ್ತು. ಮತ್ತೆ ಕೂತುಕೊಂಡೆ.