ಶೆಫೀಲ್ಡ್ ತೋರಿಸಿದ ಆಂಟಿ

ನಮ್ಮ ಮನೆ ಓನರ್ ಆಂಟಿ ಯಾರ ಕೈ ಹಿಡಿದರೂ ಮಣಿಕಟ್ಟನ್ನೇ ಹಿಡಿಯುತ್ತಿದ್ದರು. ಬೆರಳುಗಳು ನೇರವಾಗಿ ನಾಡಿಯ ಮೇಲೆ, ಕಣ್ಣು ಕಾರ್ಡಿಗನ್‌ಗೆ ತಲೆಕೆಳಗಾಗಿ ಪಿನ್ ಹಾಕಿಕೊಂಡ ಪುಟ್ಟ ಗಡಿಯಾರದ ಮೇಲೆ. ನರ್ಸ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಈ ಚಾಳಿ ಬಿಟ್ಟಿರಲಿಲ್ಲ. ರೆಂಟ್ ಮಾತಾಡಲು ಹೋದವರ ನಾಡಿಯನ್ನೂ ನೋಡಿಯೇ ಕಳಿಸುತ್ತಿದ್ದರು.

"ನಿಂದು ಓಡ್ತಾ ಉಂಟಲ್ಲ ಮಾರಾಯ್ತಿ! ಇವತ್ತು ಎಂತಕ್ಕೆ ಹೆದರಿದ್ದಿ?"

ಹೆದರಲು ನನಗೆ ಕಾರಣ ಬೇಕಿರಲಿಲ್ಲ. ನಾನು ಹುಟ್ಟಾ ಪುಕ್ಕಲಿ. ತುಮಕೂರಿನಿಂದ ಮೆಲ್ಬರ್ನ್‌ಗೆ ಬಂದು, ಕ್ಲೇಟನ್‌ನಲ್ಲಿ ಆಂಟಿಯ ಮನೆಯ ಹಿಂದಿನ ಕೋಣೆಯಲ್ಲಿ ಗಂಡನೊಂದಿಗೆ ಸಂಸಾರ ಹೂಡಿದ್ದೆ. ಇಲ್ಲಿ ಕಾಯಂ ನೆಲೆಸಲು ಬೇಕಾದ ಪಿಆರ್ ಬರುತ್ತದೋ ಇಲ್ಲವೋ ಎಂಬ ಭಯ, ಬಸ್ಸಿನಲ್ಲಿ ತಪ್ಪು ಸ್ಟಾಪಿನಲ್ಲಿ ಇಳಿದೇನೆಂಬ ಭಯ. ಆಂಟಿಯದು ಮಂಗಳೂರು ಕಡೆ. ಮನೆಮಾತು ಕೊಂಕಣಿ, ನಮ್ಮೊಂದಿಗೆ ಕನ್ನಡ. ಚಿಕ್ಕ ವಯಸ್ಸಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಉಕ್ಕಿನ ಊರಿನಲ್ಲಿ ನರ್ಸ್ ಆಗಿದ್ದರಂತೆ. "ನಮ್ಮ ಶೆಫೀಲ್ಡಿನಲ್ಲಿ" ಎಂದು ಅವರು ಬಾಯಿ ತೆರೆದರೆ ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಗುತ್ತಿದ್ದೆವು.

ನಗು ನಿಂತದ್ದು ನನ್ನ ಗಂಡ ಬಸ್ ಸ್ಟಾಪಿನಲ್ಲಿ ಕುಸಿದು ಬಿದ್ದಾಗ. ಹೃದಯದ ಕವಾಟ ಕೆಟ್ಟಿದೆ, ಎದೆ ತೆರೆದು ಬದಲಿಸಬೇಕು ಎಂದರು ಡಾಕ್ಟರು. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆಯ ಅಳು ಕೇಳುವ ಶಕ್ತಿಯೂ ನನ್ನಲ್ಲಿರಲಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಕುರ್ಚಿಯಲ್ಲಿ ನಾನು, ಪಕ್ಕದಲ್ಲಿ ನನ್ನ ಮಣಿಕಟ್ಟು ಹಿಡಿದ ಆಂಟಿ. ಅವನು ಸತ್ತೇ ಹೋಗುತ್ತಾನೆಂದು ನನಗೆ ಖಾತ್ರಿಯಾಗಿತ್ತು. ಬಾಗಿಲು ಅಲುಗಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ.

ಹೆದರಬೇಡ ಎಂದು ಆಂಟಿ ಒಮ್ಮೆಯೂ ಅನ್ನಲಿಲ್ಲ. "ಹೆದರಿದವರಿಗೆ ಹೆದರ್ಬೇಡ ಅಂತ ಹೇಳಿದ್ರೆ ಪ್ರಯೋಜನ ಇಲ್ಲ, ಒಂದು ಕೆಲಸ ಕೊಡ್ಬೇಕು. ಕಣ್ಣು ಮುಚ್ಚು. ಶೆಫೀಲ್ಡ್ ಸ್ಟೇಷನಿನಲ್ಲಿ ಇಳಿದಾಯ್ತು. ಇನ್ನು ಏರು ಹತ್ಲಿಕ್ಕುಂಟು. ಹತ್ತುವ. ಏದುಸಿರು ಬಂತಾ?"

"ಬಂತು ಆಂಟಿ."

"ಅದು ಟೌನ್ ಹಾಲ್. ಮೇಲೆ ನೋಡು, ತುದಿಯಲ್ಲಿ ಕಮ್ಮಾರರ ದೇವರು. ಕೈಯಲ್ಲಿ ಬಾಣ ಹಿಡಿದಿದ್ದಾನೆ. ಮೈಮೇಲೆ ಎಂತ ಉಂಟು?"

"ಏನಿದೆ?"

"ಎಂತದೂ ಇಲ್ಲ! ಆ ಚಳಿಯಲ್ಲಿ!"

ಆ ಜಾಗದಲ್ಲಿ, ಆ ಹೊತ್ತಿನಲ್ಲಿ ನನಗೆ ನಗು ಬಂತು. ನಕ್ಕದ್ದಕ್ಕೇ ದೇವರು ಶಿಕ್ಷೆ ಕೊಟ್ಟಾನೆಂದು ಮರುಕ್ಷಣ ಹೆದರಿದೆ. ಆಂಟಿ ಬಿಡಲಿಲ್ಲ. ಹಳೆಯ ಕಲ್ಲಿನ ಕೆಥೀಡ್ರಲ್ಲಿಗೆ ಕರೆದೊಯ್ದರು, ಬಣ್ಣದ ಗಾಜಿನ ಬೆಳಕಿನಲ್ಲಿ ಕೂರಿಸಿದರು. ಅದರೆದುರಿಗೇ ಚಾಕು ಕತ್ತರಿ ಮಾಡುವವರ ಸಂಘದ ದೊಡ್ಡ ಹಾಲ್, ಅದರ ಕಂಬಗಳು.

ಆಗ ಬಾಗಿಲು ತೆರೆಯಿತು. ರಕ್ತಸ್ರಾವ ನಿಲ್ಲುತ್ತಿಲ್ಲ, ಇನ್ನೂ ತಡವಾಗುತ್ತದೆ ಎಂದು ಹೇಳಿ ನರ್ಸ್ ಒಳಗೆ ಹೋದಳು. ನಾನು ಅವಳ ಹಿಂದೆಯೇ ಓಡಲು ಎದ್ದೆ. ಕಿರುಚಬೇಕೆನಿಸಿತು. ಆಂಟಿಯ ಹಿಡಿತ ಬಿಗಿಯಾಯಿತು.

"ಬಾ, ಮ್ಯೂಸಿಯಂಗೆ ಹೋಗುವ. ನದಿ ಬದಿಯಲ್ಲಿ ಉಂಟು. ಒಳಗೆ ಹಬೆಯ ಇಂಜಿನ್, ಮನೆಯಷ್ಟು ಎತ್ತರ. ಹಡಗಿಗೆ ಉಕ್ಕಿನ ತಗಡು ಒತ್ತುತ್ತಿದ್ದದ್ದು. ಈಗ ಶುರು ಮಾಡ್ತಾರೆ. ನೆಲ ಅದುರ್ತದೆ, ನನ್ನನ್ನು ಗಟ್ಟಿ ಹಿಡ್ಕೊ."

ಹಿಡಿದುಕೊಂಡೆ. ಆ ಇಂಜಿನ್ ಎಷ್ಟು ಹೊತ್ತು ಓಡಿತೋ ತಿಳಿಯದು. ಡಾಕ್ಟರು ಬಂದು ಎಲ್ಲ ಸರಿಯಾಗಿದೆ ಎಂದಾಗ ನಾನು ಆಂಟಿಯ ಭುಜಕ್ಕೆ ಮುಖ ಒತ್ತಿ ಕೂತಿದ್ದೆ.

ನಾವು ಆಮೇಲೆ ಸಿಡ್ನಿಗೆ ಹೋದೆವು. ಗಿರಾವೀನ್‌ನಲ್ಲಿ ಮನೆ, ಚಾಟ್ಸ್‌ವುಡ್‌ನಲ್ಲಿ ನನ್ನ ಆಫೀಸು. ಕಳೆದ ವರ್ಷ ಆಫೀಸಿನವರು ಒಂದು ವಾರದ ಕೆಲಸಕ್ಕೆ ನನ್ನನ್ನು ಬೇರೆಲ್ಲಿಗೂ ಅಲ್ಲ, ಶೆಫೀಲ್ಡಿಗೇ ಹೊರಡಿಸಿದರು. ಒಬ್ಬಳೇ ಹೋಗಬೇಕಲ್ಲ ಎಂದು ಹೆದರಿದ್ದರೂ ಉತ್ಸಾಹದಿಂದ ಆಂಟಿಗೆ ಫೋನ್ ಮಾಡಿದೆ. ಆ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು.

"ಮ್ಯೂಸಿಯಂಗೆ ಯಾವ ಬಾಗಿಲಿಂದ ಹೋಗ್ಬೇಕು ಆಂಟಿ? ಇಂಜಿನ್ ಹತ್ರ ಎಲ್ಲಿ ನಿಂತ್ಕೊಂಡ್ರೆ ಚೆನ್ನಾಗ್ ಕಾಣುತ್ತೆ?"

"ನಂಗೆ ಗೊತ್ತಿಲ್ಲ ಮಗಾ. ನಾನು ಅದ್ಯಾವುದನ್ನೂ ನೋಡ್ಲಿಲ್ಲ" ಎಂದರು.

ಶೆಫೀಲ್ಡಿಗೆ ಹೋದ ಹೊಸದರಲ್ಲಿ ಆಸ್ಪತ್ರೆಯ ಎದುರಿನ ಸ್ಟಾಪಿನಲ್ಲಿ ಊರೊಳಗೆ ಹೋಗುವ ಬಸ್ಸಿಗೆ ನಿಂತಿದ್ದರಂತೆ. ಯಾರೋ ಇಬ್ಬರು ಅವರ ಮೈಬಣ್ಣ ಹಿಡಿದು ಕೂಗಾಡಿ, ಮುಖದ ಮುಂದೆ ಉಗುಳಿದರು. ಬಸ್ಸು ಹತ್ತದೆ ಹಾಸ್ಟೆಲಿಗೆ ಓಡಿದ ಆಂಟಿ, ಆ ಊರಿನಲ್ಲಿದ್ದಷ್ಟು ಕಾಲವೂ ಮತ್ತೆ ಆ ಸ್ಟಾಪಿಗೆ ಹೋಗಲಿಲ್ಲ. ಹಾಸ್ಟೆಲ್, ವಾರ್ಡು, ಹಾಸ್ಟೆಲ್, ಅಷ್ಟೇ. ಟೌನ್ ಹಾಲ್, ಕೆಥೀಡ್ರಲ್, ಇಂಜಿನ್ ಎಲ್ಲ ರೋಗಿಗಳು ಹೇಳಿದ್ದು. ಆಪರೇಷನ್‌ಗೆ ಮುಂಚೆ ನಡುಗುತ್ತಿದ್ದ ಮುದುಕರನ್ನು, ಕುಲುಮೆಯಲ್ಲಿ ದುಡಿದವರನ್ನು, ನಿಮ್ಮ ಊರು ತೋರಿಸಿ ಎಂದು ಇವರು ಕೇಳುತ್ತಿದ್ದರಂತೆ. ಅವರು ತೋರಿಸುತ್ತಿದ್ದರು. ಅವರಲ್ಲಿ ಕೆಲವರು ಥಿಯೇಟರಿನಿಂದ ವಾಪಸು ಬರಲಿಲ್ಲ.

ನನಗೆ ಮೊದಲು ಸಿಟ್ಟು ಬಂತು, ಆ ಉಗುಳಿದವರ ಮೇಲೆ. ಆಮೇಲೆ ಅಳು ಬಂತು. ಗಂಡನನ್ನು ಉಳಿಸಿದವರು ಡಾಕ್ಟರು, ಸರಿ. ಅಂದು ಹುಚ್ಚು ಹಿಡಿಯದಂತೆ ನನ್ನನ್ನು ಉಳಿಸಿದ್ದು ನನಗಿಂತ ಹೆಚ್ಚು ಹೆದರಿದ ಈ ಹೆಂಗಸು. ಆ ಋಣ ನನ್ನಿಂದ ತೀರುವುದಿಲ್ಲ.

ಶೆಫೀಲ್ಡಿನಲ್ಲಿ ಮೊದಲ ಬಿಡುವು ಸಿಕ್ಕಾಗ ನಾನು ಹೋದದ್ದು ಆ ಸ್ಟಾಪಿಗೆ. ಬೆಳಗಿನ ಚಳಿ. ಸಾಲಿನಲ್ಲಿ ನಿಂತವರು ನನ್ನತ್ತ ತಿರುಗಿದಾಗಲೆಲ್ಲ ನನ್ನ ಮಣಿಕಟ್ಟನ್ನು ನಾನೇ ಹಿಡಿದುಕೊಳ್ಳುತ್ತಿದ್ದೆ. ಬಸ್ಸು ಬಂತು, ಹತ್ತಿ ಕೂತೆ, ಆಂಟಿಗೆ ವಿಡಿಯೋ ಕಾಲ್ ಮಾಡಿದೆ. ಮೆಲ್ಬರ್ನ್‌ನಲ್ಲಿ ಸಂಜೆ, ಅವರ ಮಗಳು ಫೋನ್ ಹಿಡಿದಿದ್ದಳು. ಆಂಟಿಯ ಮುಖ ಬಹಳ ಸಣ್ಣದಾಗಿತ್ತು. ನಾನು ವಾಪಸಾಗುವ ಮೊದಲೇ ಅವರು ತೀರಿಕೊಂಡರು, ಹಾಗಾಗಿ ಅದೇ ನಮ್ಮ ಕೊನೆಯ ಮಾತು.

"ಹತ್ತಿದೆ ಆಂಟಿ. ಅದೇ ಬಸ್ಸು."

"ಯಾರಾದ್ರೂ ಎಂತಾದ್ರೂ ಹೇಳಿದ್ರಾ?" ಅವರ ದನಿಯಲ್ಲಿ ಆ ಹಳೆಯ ಭಯ ಹಾಗೇ ಇತ್ತು.

"ಯಾರೂ ಏನೂ ಅನ್ಲಿಲ್ಲ ಆಂಟಿ. ಒಬ್ಬರು ಜಾಗ ಬಿಟ್ಕೊಟ್ರು."

"ಹಾಗಾದ್ರೆ ಇನ್ನೊಂದು ಸಲ ಹೋಗಿ ನಿಲ್ಬಹುದಿತ್ತು ನಾನು. ಅಲ್ವಾ ಮಗಾ?"

ಫೋನನ್ನು ಕಿಟಕಿಯ ಕಡೆಗೆ ತಿರುಗಿಸಿ ಹಿಡಿದೆ. ಬಸ್ಸು ಊರೊಳಗೆ ಇಳಿಯತೊಡಗಿತು.