ಮಾತಾಡದ ರೇಡಿಯೋ

ಕೇಬಲ್ ಟಿವಿ ಬಂದು ಹಳೇ ವಾಲ್ವ್ ರೇಡಿಯೋಗಳೆಲ್ಲ ಅಟ್ಟ ಸೇರುತ್ತಿದ್ದ ಕಾಲ. ಅವನ್ನು ಕೂಡಿಡುವ ಹುಚ್ಚು ನನಗೆ. ಅಂಥದ್ದೊಂದನ್ನು ಕೇಳಿಕೊಂಡು ಮೈಸೂರಿಂದ ತಮಿಳುನಾಡಿನ ತೇವಾರಂವರೆಗೂ ಹೋಗಿದ್ದೆ. ಎಷ್ಟೋ ತಲೆಮಾರಿನ ಹಿಂದೆ ಅಲ್ಲಿಗೆ ಬಂದು ನೆಲೆಸಿದ ಕನ್ನಡ ಒಕ್ಕಲಿನ ಮನೆ. ಅಜ್ಜಿ ಗುಂಡಿ ತಿರುಗಿಸಿದರು. ದೀಪ ಹತ್ತಿತು, ಪೆಟ್ಟಿಗೆ ಬೆಚ್ಚಗಾಯಿತು, ಸದ್ದು ಮಾತ್ರ ಇಲ್ಲ. ಆದರೂ ಕೊಡಲ್ಲ ಅಂದರು.

“ಹೋಗಲಿ, ರಿಪೇರಿಯಾದರೂ ಮಾಡಿಕೊಡ್ತೀನಜ್ಜಿ,” ಅಂದೆ.

“ಬ್ಯಾಡ ತಂಬಿ. ನಾನೇನು ಕೇಳಿದ್ರೂ ಮೊಮ್ಮಕ್ಕಳು ತಮಿಳಲ್ಲೇ ಹೇಳ್ತವೆ. ರಿಪೇರಿ ಮಾಡಿದ್ರೆ ಇದೂ ತಮಿಳು ಮಾತಾಡ್ತದೆ. ಈಗ ಸುಮ್ನೆ ಕುಂತು ನನ್ನ ಕನ್ನಡ ಕೇಳ್ತದೆ.”

ಆಮೇಲೆ ರೇಡಿಯೋ ಆಫ್ ಮಾಡಿ, ಕಾಪಿ ಕೊಟ್ಟು, ನನ್ನನ್ನು ಎದುರಿಗೆ ಕೂರಿಸಿಕೊಂಡರು. ಕೊಳ್ಳಲು ಹೋದವನು ಸಂಜೆಯ ಬಸ್ಸಿನವರೆಗೂ ಅದು ಮಾಡುತ್ತಿದ್ದ ಕೆಲಸ ಮಾಡಿ ಬಂದೆ.