ಹೇಳದೆ ಹೋಗುವ ಕೆಲಸ

ನರ್ಸಿನ ಕೆಲಸದಿಂದ ನಿವೃತ್ತಳಾಗಿ ಬೀದರದಲ್ಲಿ ಕಾಲು ಚಾಚಿ ಕೂತಿದ್ದ ನನ್ನನ್ನು ಸರ್ಕಾರ ಜೈಲಿಗೆ ಕಳಿಸಿತು. ಗಾಬರಿಯಾಗಬೇಡಿ, ಸಂದರ್ಶಕಿಯಾಗಿ. ಇಲಾಖೆಗೆ ಸೇರದ ಹೊರಗಿನವರು ಒಳಗೆ ಹೋಗಿ, ಕೈದಿಗಳ ಸ್ಥಿತಿ ನೋಡಿ, ನ್ಯಾಯಾಧೀಶರಿಗೆ ವರದಿ ಕೊಡುವ ಕೆಲಸ. ಚರ್ಚಿನ ಗೆಳತಿಯರು, "ಈ ವಯಸ್ಸಿನಾಗ ನಿನಗ್ಯಾಕ ಬೇಕಿತ್ತ?" ಎಂದು ನಕ್ಕರು. ಯಾವ ಊರಿನ ಜೈಲು ಎಂದು ಮಾತ್ರ ಕೇಳಬೇಡಿ.

ಮೊದಲ ಸಲ ಫೋನ್ ಮಾಡಿ ತಿಳಿಸಿ ಹೋದೆ. ಜೈಲರ್ ಸಾಹೇಬರು ಚಹಾ, ಬಿಸ್ಕೀಟು ಕೊಟ್ಟು ಹೆಂಗಸರ ಬ್ಯಾರಕ್ ತೋರಿಸಿದರು. ಹಾಸಿಗೆಗಳ ಮೇಲೆ ಬಿಳಿ ಚಾದರ. ಎಲ್ಲದರಲ್ಲೂ ಮಡಿಕೆಯ ಗೆರೆ ಹಾಗೇ ಇತ್ತು, ಯಾರೂ ಅವುಗಳ ಮೇಲೆ ಮಲಗಿರಲಿಲ್ಲ. ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ದಿನ ನಮ್ಮ ವಾರ್ಡೂ ಹೀಗೇ ಮದುಮಗಳಾಗುತ್ತಿತ್ತು. "ಹ್ಯಾಂಗದೀರಿ?" ಎಂದೆ. "ಎಲ್ಲಾ ಚೊಲೋ ಅದರಿ" ಎಂದು ಎಲ್ಲರೂ ಒಟ್ಟಿಗೆ ಹೇಳಿದರು, ಕಣ್ಣು ಮಾತ್ರ ಸಾಹೇಬರ ಮೇಲೆ.

ಒಬ್ಬ ಹುಡುಗಿಯ ಹಣೆಯ ಮೇಲೆ ಹೊಸ ಗಾಯವಿತ್ತು, ಹಲ್ಲು ಕಚ್ಚಿ ತುಟಿ ಒಡೆದಿತ್ತು. ಅವಳ ಮಣಿಕಟ್ಟು ಹಿಡಿದು, "ನಾಡಿ ಎಣಿಸಬೇಕ್ರಿ ಸಾಹೇಬರ, ಗದ್ದಲ ಆಗಬಾರ್ದು, ಸ್ವಲ್ಪ ಅತ್ತ ನಿಲ್ರಿ" ಎಂದೆ. ಅವರು ಸರಿದರು. ಹುಡುಗಿ ತಲೆ ಎತ್ತದೆ ಪಿಸುಗುಟ್ಟಿದಳು: "ನನಗ ಫಿಟ್ಸ್ ಬರ್ತಾವ್ರಿ ಬಾಯಾರ. ನಮ್ಮವ್ವ ಸಂತಪುರದಿಂದ ಬಂದು ಗೇಟಿನಾಗ ಗುಳಿಗಿ ಕೊಟ್ಟು ಹೋಗ್ತಾಳ. ನನ್ನ ತನಕ ಬರಂಗಿಲ್ರಿ."

ನನ್ನ ಮೈ ಉರಿಯಿತು. ಅವಳ ವಿಚಾರಣೆಯೇ ಇನ್ನೂ ಮುಗಿದಿರಲಿಲ್ಲ. ಫಿಟ್ಸ್ ಬಂದು ಜೀವ ಹೋದರೆ ತೀರ್ಪು ಯಾರಿಗೆ ಕೊಡುತ್ತಾರೆ? ಸಾಹೇಬರು ಕೆಟ್ಟವರಲ್ಲ. ಗೇಟಿನಲ್ಲಿ ವಿಚಾರಿಸಿದೆ: ತಪಾಸಣೆಗೆಂದು ಅಲ್ಲಿಯವರು ತೆಗೆದಿಟ್ಟ ಗುಳಿಗೆ ಕಪಾಟಿನಲ್ಲೇ ಉಳಿದಿತ್ತು, ಕೇಳುವವರಿರಲಿಲ್ಲ, ಅಷ್ಟೇ. ಆ 'ಅಷ್ಟೇ' ಕಂಡರೇ ನನಗಾಗದು. ಕೇಳುವವರು ಹೊರಗಿನಿಂದಲೇ ಬರಬೇಕು.

ಅಂದೇ ವರದಿ ಕೊಟ್ಟೆ. ಗುಳಿಗೆ ದಿನವೂ ಅವಳ ಕೈಗೆ ಸಿಗಬೇಕು, ಸಂದರ್ಶಕರು ಹೇಳದೆ ಬರಬಹುದು, ಕೈದಿಗಳೊಡನೆ ಪ್ರತ್ಯೇಕವಾಗಿ ಮಾತಾಡಬಹುದು ಎಂದು ನ್ಯಾಯಾಧೀಶರು ಆದೇಶ ಮಾಡಿದರು.

ಮುಂದಿನ ಸಲ ಹೇಳದೇ ಹೋದೆ. "ಒಂದು ಮಾತು ತಿಳಿಸಬೇಕಲ್ರಿ ಬಾಯಾರ" ಎಂದರು ಸಾಹೇಬರು. "ತಿಳಿಸಿ ಬರಾಕ ಇದು ಬೀಗರ ಮನೀ ಏನ್ರಿ?" ಎಂದೆ. ಚಾದರಗಳು ಮುದುಡಿದ್ದವು, ನನಗೆ ಸಮಾಧಾನವಾಯಿತು. ಹುಡುಗಿಯ ಹಣೆಯ ಗಾಯ ಮಾಯ್ದಿತ್ತು. ಈಗ ಗುಳಿಗೆ ತಪ್ಪಿಲ್ಲ, ಫಿಟ್ಸೂ ಬಂದಿಲ್ಲ ಎಂದಳು.

ಹೊರಡುವಾಗ ಸಾಹೇಬರು, "ಮತ್ತ ಯಾವಾಗ ಬರ್ತೀರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗಿ, "ಹೇಳಬ್ಯಾಡ್ರಿ ಬಾಯಾರ!" ಎಂದಳು. ಈ ಸಲ ಪಿಸುಗುಟ್ಟಲಿಲ್ಲ, ಅವರ ಎದುರಿಗೇ ಗಟ್ಟಿಯಾಗಿ ಹೇಳಿದಳು.